ಅರ್ಬುದರೋಗವೂ ತಣ್ಣನೆಯ ಕಿಡಿಯೂ

ಬೆಂಕಿಯನ್ನು ಔಷಧವಾಗಿ ಬಳಸುವ ಪದ್ಧತಿಯು ಬಹು ಪುರಾತನವಾದುದು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಅಗ್ನಿಕರ್ಮಕ್ಕೆಂದೇ ಒಂದು ಅಧ್ಯಾಯವು ಮೀಸಲಾಗಿದೆ. ಕಾಯಿಸಿದ ಶಲಾಕೆಯಿಂದ ಸುಟ್ಟು ವಾಸಿಮಾಡಿದ ವ್ಯಾಧಿಯು ಮರಳಿ ಹುಟ್ಟದೆಂಬ ನಂಬಿಕೆಯು ಭಾರತದ ಪ್ರಾಚೀನ ವೈದ್ಯರಲ್ಲಿ ದೃಢವಾಗಿದ್ದಿತು. ಗ್ರೀಸ್ ದೇಶದಲ್ಲಿ ಹಿಪ್ಪೊಕ್ರೆಟಿಸನ ಹೆಸರಿನಲ್ಲಿ ನಡೆದುಬಂದ ಸೂತ್ರಗಳಲ್ಲಿಯೂ ಔಷಧಕ್ಕೂ ಶಸ್ತ್ರಕ್ಕೂ ಬಗ್ಗದ ರೋಗಕ್ಕೆ ಕಡೆಯ ಉಪಾಯವಾಗಿ ಬೆಂಕಿಯನ್ನೇ ವಿಧಿಸಿದೆ. ಆದರೆ ಬೆಂಕಿಗೆ ವಿವೇಕವಿಲ್ಲ. ಕೆಟ್ಟ ಮಾಂಸವನ್ನೂ ಒಳ್ಳೆಯ ಮಾಂಸವನ್ನೂ ಅದು ಸಮನಾಗಿ ಸುಡುತ್ತದೆ.

ಅರ್ಬುದವೆಂದೂ ಕ್ಯಾನ್ಸರ್ ಎಂದೂ ಕರೆಯುವ ರೋಗದಲ್ಲಿ ಈ ಅವಿವೇಕವು ದೊಡ್ಡ ಅಡ್ಡಿಯಾಗಿ ನಿಲ್ಲುತ್ತದೆ. ಅರ್ಬುದದ ಕಣಗಳು ಹೊರಗಿನಿಂದ ಬಂದ ಶತ್ರುಗಳಲ್ಲ. ದೇಹದವೇ ಆದ ಜೀವಕೋಶಗಳು ಕಟ್ಟುಪಾಡನ್ನು ಮೀರಿ ಬೆಳೆದು ಹಾಗೆ ಆಗಿರತಕ್ಕವು. ಶಸ್ತ್ರವೈದ್ಯನು ಕಣ್ಣಿಗೆ ಕಾಣುವ ಗೆಡ್ಡೆಯನ್ನು ಕೊಯ್ದು ತೆಗೆಯಬಲ್ಲನು. ಗೆಡ್ಡೆಯ ಅಂಚಿನಲ್ಲಿ ಉಳಿದ ನಾಲ್ಕಾರು ಕಣಗಳು ಅವನ ಕಣ್ಣಿಗೆ ಬೀಳುವುದಿಲ್ಲ. ಗಾಯವು ಮಾಯ್ದು ರೋಗಿಯು ಮನೆಗೆ ಹೋದ ಮೇಲೆ ಆ ಕಣಗಳಿಂದಲೇ ರೋಗವು ಮತ್ತೆ ತಲೆಯೆತ್ತಬಹುದು. ಅಂಚನ್ನು ಅಗಲವಾಗಿ ಕೊಯ್ಯೋಣವೆಂದರೆ ಎಲ್ಲ ಅಂಗಗಳಲ್ಲಿಯೂ ಅದಕ್ಕೆ ಎಡೆಯಿಲ್ಲ. ನಾಲಗೆಯಲ್ಲಿಯೂ ಮಿದುಳಿನಲ್ಲಿಯೂ ಒಂದೊಂದು ಎಳೆಯೂ ಬೆಲೆಯುಳ್ಳದ್ದು.

ಆದುದರಿಂದ ವೈದ್ಯರು ಬಹುಕಾಲದಿಂದ ಹಂಬಲಿಸುತ್ತಿರುವುದು ರೋಗವನ್ನು ಮಾತ್ರ ಹಿಡಿದು ಆರೋಗ್ಯವನ್ನು ಬಿಟ್ಟುಕೊಡುವ ಬೆಂಕಿಯನ್ನು. ಇಂತಹ ಬೆಂಕಿಯು ವಿದ್ಯುತ್ತಿನ ಕಿಡಿಯಲ್ಲಿ ದೊರೆಯುವುದೆಂಬ ಆಸೆಯು ಎರಡು ಬಾರಿ ಹುಟ್ಟಿದೆ: ಮೊದಲು ೧೯೦೭ರ ಸುಮಾರಿಗೆ ಫ್ರಾನ್ಸ್ ದೇಶದಲ್ಲಿ, ನೂರು ವರ್ಷಗಳು ಕಳೆದ ಮೇಲೆ ಮತ್ತೊಮ್ಮೆ, ಹಲವು ದೇಶಗಳ ಪ್ರಯೋಗಶಾಲೆಗಳಲ್ಲಿ. ಮೊದಲನೆಯ ಪ್ರಯತ್ನವು ಮರೆತುಹೋಯಿತು. ಎರಡನೆಯದು ಇನ್ನೂ ನಡೆಯುತ್ತಿದೆ. ಮೊದಲನೆಯದು ಏಕೆ ಸೋತಿತೆಂಬುದನ್ನು ತಿಳಿಯದೆ ಎರಡನೆಯದರ ಬೆಲೆಯನ್ನು ಕಟ್ಟುವುದು ಸಾಧ್ಯವಿಲ್ಲ.

೧

ಹತ್ತೊಂಬತ್ತನೆಯ ಶತಮಾನದ ಕಡೆಯ ದಶಕದಲ್ಲಿ ಪ್ಯಾರಿಸ್ಸಿನ ಶರೀರಶಾಸ್ತ್ರಜ್ಞನಾದ ಆರ್ಸೆನ್ ದಾರ್ಸೊನ್‌ವಾಲನು ಒಂದು ವಿಚಿತ್ರವಾದ ಸಂಗತಿಯನ್ನು ತೋರಿಸಿದನು. ಸಾಧಾರಣವಾದ ವಿದ್ಯುತ್ಪ್ರವಾಹವು ದೇಹವನ್ನು ಹೊಕ್ಕರೆ ಮಾಂಸಖಂಡಗಳು ಸೆಟೆದುಕೊಳ್ಳುತ್ತವೆ, ಪ್ರಾಣವೇ ಹೋಗಬಹುದು. ಆ ಪ್ರವಾಹವನ್ನು ಒಂದು ಸೆಕೆಂಡಿಗೆ ಲಕ್ಷಗಟ್ಟಲೆ ಬಾರಿ ಅತ್ತಿಂದಿತ್ತ ತಿರುಗಿಸಿದರೆ ಸೆಟೆತವು ಉಂಟಾಗುವುದಿಲ್ಲ. ಮೈ ಬೆಚ್ಚಗಾದಂತೆ ಮಾತ್ರ ತೋರುತ್ತದೆ. ಅದೇ ಕಾಲದಲ್ಲಿ, ೧೮೯೧ರಲ್ಲಿ, ಅಮೆರಿಕದಲ್ಲಿ ನಿಕೊಲಾ ಟೆಸ್ಲನು ಇಂತಹ ಪ್ರವಾಹಗಳಿಂದ ಉದ್ದುದ್ದನೆಯ ಕಿಡಿಗಳನ್ನು ಹಾರಿಸಿ ವಿದ್ವತ್ಸಭೆಯನ್ನು ಬೆರಗುಗೊಳಿಸಿದನು. ಕೆಲವೇ ವರ್ಷಗಳಲ್ಲಿ ಈ ಯಂತ್ರಗಳು ವೈದ್ಯರ ಕೊಠಡಿಗಳನ್ನು ಸೇರಿದುವು. ನಿದ್ದೆ ಬಾರದವರಿಗೂ ನರದೌರ್ಬಲ್ಯದವರಿಗೂ ಅವುಗಳಿಂದ ಚಿಕಿತ್ಸೆಯು ನಡೆಯತೊಡಗಿತು.

೧೯೦೦ರಲ್ಲಿ ಪ್ಯಾರಿಸ್ಸಿನ ರಿವಿಯೇರ್ ಎಂಬ ವೈದ್ಯನು ಇಂತಹ ಯಂತ್ರದ ಕಿಡಿಯನ್ನು ರೋಗಿಯೊಬ್ಬನ ಕೈಮೇಲಿದ್ದ ಅರ್ಬುದದ ಹುಣ್ಣಿಗೆ ತಾಕಿಸಿದ ವೃತ್ತಾಂತವನ್ನು ಪ್ರಕಟಿಸಿದನು. ಅದನ್ನು ಒಂದು ಪದ್ಧತಿಯನ್ನಾಗಿ ಬೆಳೆಸಿದವನು ಮಾರ್ಸೇಲ್ಸ್ ನಗರದ ವಾಲ್ಟರ್ ದ ಕೀಟಿಂಗ್-ಹಾರ್ಟ್. ಈತನ ಕ್ರಮವು ಹೀಗಿದ್ದಿತು. ಮೊದಲು ರೋಗಿಗೆ ಮತ್ತುಬರಿಸಿ, ಶಸ್ತ್ರದಿಂದ ಗೆಡ್ಡೆಯನ್ನು ತೆಗೆಯುವುದು. ಆ ಬಳಿಕ, ಗಾಯವು ಇನ್ನೂ ತೆರೆದಿರುವಾಗಲೇ, ಅದರ ತಳದ ಮೇಲೂ ಅಂಚುಗಳ ಮೇಲೂ ಹಲವು ಸೆಂಟಿಮೀಟರು ಉದ್ದದ ಕಿಡಿಗಳ ಮಳೆಯನ್ನು ಬಹಳ ಹೊತ್ತು ಸುರಿಸುವುದು. ಪ್ಯಾರಿಸ್ಸಿನ ಪ್ರಸಿದ್ಧ ಶಸ್ತ್ರವೈದ್ಯನಾದ ಸಾಮ್ಯುಯೆಲ್ ಪೊಜ್ಜಿಯು ೧೯೦೭ರಲ್ಲಿ ಈ ಕ್ರಮವನ್ನು ಅಲ್ಲಿನ ವೈದ್ಯ ಅಕಾಡೆಮಿಯ ಗಮನಕ್ಕೆ ತಂದು, ಅದಕ್ಕೆ ‘ಫುಲ್ಗುರೇಷನ್’ ಎಂದು ನಾಮಕರಣ ಮಾಡಿದನು. ಲ್ಯಾಟಿನ್ ಭಾಷೆಯಲ್ಲಿ ‘ಫುಲ್ಗುರ್’ ಎಂದರೆ ಮಿಂಚು. ಮಿಂಚಿನಿಂದ ಮಾಡುವ ಚಿಕಿತ್ಸೆ ಎಂಬುದೇ ಆ ಹೆಸರಿನ ಅರ್ಥ.

ಕೀಟಿಂಗ್-ಹಾರ್ಟನ ಸಲಕರಣೆಯಲ್ಲಿ ಒಂದು ವಿಶೇಷವಿದ್ದಿತು. ಕಿಡಿಯು ಹೊರಡುವ ಲೋಹದ ಕಡ್ಡಿಯ ಸುತ್ತಲೂ ವಿದ್ಯುತ್ತನ್ನು ಹರಿಯಗೊಡದ ಒಂದು ಕೊಳವೆಯನ್ನು ತೊಡಿಸಿ, ಅದರ ಮೂಲಕ ಅನಿಲವನ್ನು ಊದುತ್ತಿದ್ದರು. ಕಿಡಿಯ ಕಾವನ್ನು ತಗ್ಗಿಸುವುದೇ ಇದರ ಉದ್ದೇಶ. ಮಾಂಸವನ್ನು ಸುಡುವುದು ಆತನ ಬಯಕೆಯಾಗಿರಲಿಲ್ಲ. ಕಿಡಿಯು ಅರ್ಬುದದ ಕಣಗಳನ್ನು ನೇರವಾಗಿ ಕೊಲ್ಲುವುದೆಂದೂ ಆತನು ಹೇಳಲಿಲ್ಲ. ಸುತ್ತಲಿನ ಧಾತುಗಳಲ್ಲಿ ಒಂದು ಬದಲಾವಣೆಯನ್ನು ಉಂಟುಮಾಡಿ, ರೋಗವು ಅಲ್ಲಿ ಮತ್ತೆ ಬೇರೂರದಂತೆ ತಡೆಯುವುದೆಂದು ಆತನ ಮತ. ಎಂದರೆ, ಸುಡದೆ ಗುಣಪಡಿಸುವ ಕಿಡಿಯೆಂಬ ಕಲ್ಪನೆಯು ಆಗಲೇ ಹುಟ್ಟಿದ್ದಿತು. ಆದರೆ ಆ ಕಿಡಿಯು ನಿಜವಾಗಿ ತಣ್ಣಗಿರಲಿಲ್ಲ. ಮೇಲ್ಪದರವು ಬೆಂದೇ ಬೇಯುತ್ತಿದ್ದಿತು.

ಹೊಸ ಚಿಕಿತ್ಸೆಯ ಕೀರ್ತಿಯು ಬೇಗನೆ ಹಬ್ಬಿತು. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ೧೯೦೬ರಲ್ಲಿ ಅರ್ಬುದ ಸಂಶೋಧನಾ ಸಂಸ್ಥೆಯೊಂದನ್ನು ಸ್ಥಾಪಿಸಿದ್ದ ವಿನ್ಸೆಂಟ್ಸ್ ಚೆರ್ನಿಯು ಇದನ್ನು ತನ್ನ ರೋಗಿಗಳಲ್ಲಿ ಪರೀಕ್ಷಿಸಿದನು. ನೋವು ತಗ್ಗುವುದು, ಕೊಳೆತ ಹುಣ್ಣುಗಳು ಒಣಗಿ ಶುಭ್ರವಾಗುವುದು ಮುಂತಾದ ಗುಣಗಳು ಕಂಡುಬಂದುವು. ರೋಗಿಗಳಿಗೆ ಇದೇನು ಅಲ್ಪವಾದ ಉಪಕಾರವಲ್ಲ. ಆದರೆ ಕಿಡಿಯ ಪ್ರಭಾವವು ಆಳಕ್ಕೆ ಇಳಿಯದು. ಆಳದಲ್ಲಿ ಉಳಿದ ಅರ್ಬುದವು ಮತ್ತೆ ಬೆಳೆಯುತ್ತಿದ್ದಿತು.

ಆಗ ವೈದ್ಯರು ಎದುರು ದಿಕ್ಕಿಗೆ ತಿರುಗಿದರು. ಪ್ಯಾರಿಸ್ಸಿನ ಡ್ವಾಯೆನನು, ಕಿಡಿಯ ಕಾವನ್ನು ಕಳೆಯುವುದಕ್ಕೆ ಬದಲಾಗಿ ಕಾವನ್ನೇ ಆಯುಧವನ್ನಾಗಿ ಮಾಡಿಕೊಳ್ಳಬೇಕೆಂದು ವಾದಿಸಿದನು. ರೋಗಿಯ ಮೈಗೆ ಎರಡನೆಯ ಲೋಹದ ಫಲಕವನ್ನು ತಗುಲಿಸಿ, ಪ್ರವಾಹವು ದೇಹದ ಮೂಲಕವೇ ಹಾದುಹೋಗುವಂತೆ ಮಾಡಿ, ಗೆಡ್ಡೆಯನ್ನು ಆಳದವರೆಗೂ ಬೇಯಿಸುವ ಕ್ರಮವನ್ನು ಆತನು ಹೂಡಿದನು. ೧೯೧೦ರಲ್ಲಿ ನ್ಯೂಯಾರ್ಕಿನ ಎಡ್ವಿನ್ ಬಿಯರನು ಮೂತ್ರಕೋಶದೊಳಗಿನ ಗೆಡ್ಡೆಗಳನ್ನು ಹೊಟ್ಟೆ ಕೊಯ್ಯದೆ, ನಳಿಕೆಯ ಮೂಲಕ ತೂರಿಸಿದ ತಂತಿಯಿಂದ ಸುಟ್ಟು ತೆಗೆದನು. ೧೯೨೬ರ ಅಕ್ಟೋಬರ್ ೧ರಂದು ಬಾಸ್ಟನ್ ನಗರದಲ್ಲಿ ಹಾರ್ವೆ ಕುಷಿಂಗನು ವಿಲಿಯಂ ಬೋವಿಯ ಯಂತ್ರವನ್ನು ಹಿಡಿದು ಶಸ್ತ್ರಚಿಕಿತ್ಸೆಯನ್ನು ನಡೆಸಿದನು. ಕೊಯ್ಯುತ್ತಲೇ ರಕ್ತವನ್ನು ಕಟ್ಟುವ ವಿದ್ಯುಚ್ಛಸ್ತ್ರವು ಅಂದಿನಿಂದ ಬಳಕೆಗೆ ಬಂದಿತು. ಹೀಗೆ ಕಿಡಿಯು ಶಸ್ತ್ರಶಾಲೆಯಲ್ಲಿ ನೆಲೆಗೊಂಡಿತು. ಆದರೆ ಬಿಸಿಯಾದ ಕತ್ತಿಯಾಗಿ ನೆಲೆಗೊಂಡಿತೇ ಹೊರತು ಅರ್ಬುದದ ಮದ್ದಾಗಿ ಅಲ್ಲ. ಅಷ್ಟರಲ್ಲಿ ಎಕ್ಸ್-ಕಿರಣಗಳೂ ರೇಡಿಯಮ್ಮೂ ಬಂದು ವೈದ್ಯರ ಆಸೆಯನ್ನು ತಮ್ಮ ಕಡೆಗೆ ಸೆಳೆದುವು.

೨

ಕೀಟಿಂಗ್-ಹಾರ್ಟನ ಪದ್ಧತಿಯ ಸೋಲಿಗೆ ಕಿಡಿಯ ದೋಷವೊಂದೇ ಕಾರಣವಲ್ಲ. ಆತನ ರೋಗಿಗಳಿಗೆ ಮೊದಲು ಶಸ್ತ್ರಚಿಕಿತ್ಸೆಯಾಗುತ್ತಿದ್ದಿತು, ಆಮೇಲೆ ಕಿಡಿ. ಗುಣವಾದವನು ಶಸ್ತ್ರದಿಂದ ಗುಣವಾದನೋ ಕಿಡಿಯಿಂದ ಗುಣವಾದನೋ ಎಂಬುದನ್ನು ಹೇಳುವ ಬಗೆ ಹೇಗೆ? ಸಮಾನವಾದ ರೋಗವುಳ್ಳವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಶಸ್ತ್ರವನ್ನೂ ಕಿಡಿಯನ್ನೂ, ಇನ್ನೊಂದಕ್ಕೆ ಶಸ್ತ್ರವನ್ನು ಮಾತ್ರವೇ ಕೊಟ್ಟು, ವರ್ಷಗಟ್ಟಲೆ ಕಾದು ನೋಡಿ ಎಣಿಸಿದರಲ್ಲದೆ ಈ ಪ್ರಶ್ನೆಗೆ ಉತ್ತರವಿಲ್ಲ. ಅಂತಹ ಎಣಿಕೆಯು ಆ ಕಾಲದ ವೈದ್ಯರಿಗೆ ವಾಡಿಕೆಯಾಗಿರಲಿಲ್ಲ. ಚೀಟಿಯೆತ್ತಿದಂತೆ ರೋಗಿಗಳನ್ನು ಹಂಚಿ ಹೋಲಿಸುವ ಕ್ರಮವು ಖ್ಯಾತಿಗೆ ಬಂದುದು ೧೯೪೮ರಲ್ಲಿ, ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿಯು ನಡೆಸಿದ ಪರೀಕ್ಷೆಯಿಂದ. ಆದಕಾರಣ ‘ಫುಲ್ಗುರೇಷನ್’ ನಿಜವಾಗಿ ನಿಷ್ಪ್ರಯೋಜಕವೆಂದು ಯಾರೂ ಸಾಧಿಸಲಿಲ್ಲ, ಪ್ರಯೋಜಕವೆಂದೂ ಸಾಧಿಸಲಿಲ್ಲ. ಅದನ್ನು ಸುಮ್ಮನೆ ಕೈಬಿಟ್ಟರು.

ಪರೀಕ್ಷೆಯಿಲ್ಲದ ಕಡೆಯಲ್ಲಿ ವ್ಯಾಪಾರವು ನುಗ್ಗುವುದು ಲೋಕರೂಢಿ. ನೇರಿಳೆ ಬಣ್ಣದಿಂದ ಬೆಳಗುವ ಗಾಜಿನ ಕೊಳವೆಗಳನ್ನು ಪೆಟ್ಟಿಗೆಯಲ್ಲಿಟ್ಟು, ‘ವಯೊಲೆಟ್ ರೇ’ ಎಂಬ ಹೆಸರಿನಿಂದ, ತಲೆಗೂದಲು ಉದುರುವುದರಿಂದ ಹಿಡಿದು ಕೀಲುನೋವಿನವರೆಗೆ ಸಕಲ ಬೇನೆಗಳಿಗೂ ಮದ್ದೆಂದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮನೆಮನೆಗೆ ಮಾರಿದರು. ಕಿಡಿಯ ಚಿಕಿತ್ಸೆಯೆಂದರೆ ಪ್ರಾಜ್ಞರು ನಗುವಂತಾಯಿತು.

೩

ವೈದ್ಯರು ಕಿಡಿಯನ್ನು ಮರೆಯುತ್ತಿದ್ದ ಕಾಲದಲ್ಲಿ ಭೌತಶಾಸ್ತ್ರಜ್ಞರು ಕಿಡಿಯೆಂದರೇನೆಂಬುದನ್ನು ಅರಿಯುತ್ತಿದ್ದರು. ೧೮೭೯ರಲ್ಲಿ ವಿಲಿಯಂ ಕ್ರೂಕ್ಸನು ಇಂಗ್ಲೆಂಡಿನ ಷೆಫೀಲ್ಡ್ ನಗರದಲ್ಲಿ ಮಾಡಿದ ಉಪನ್ಯಾಸದಲ್ಲಿ, ಗಾಳಿಯನ್ನು ಬಹುಮಟ್ಟಿಗೆ ತೆಗೆದ ಕೊಳವೆಯಲ್ಲಿ ವಿದ್ಯುತ್ತು ಹರಿಯುವಾಗ ಕಾಣುವುದು ಘನ, ದ್ರವ, ಅನಿಲಗಳೆಂಬ ಮೂರು ಅವಸ್ಥೆಗಳನ್ನು ಮೀರಿದ ನಾಲ್ಕನೆಯ ಅವಸ್ಥೆಯೆಂದು ಪ್ರತಿಪಾದಿಸಿದನು. ೧೯೨೮ರಲ್ಲಿ ಅಮೆರಿಕದ ಅರ್ವಿಂಗ್ ಲ್ಯಾಂಗ್ಮ್ಯೂರನು ಅದಕ್ಕೆ ‘ಪ್ಲಾಸ್ಮಾ’ ಎಂದು ಹೆಸರಿಟ್ಟನು. ಇದು ರಕ್ತದಲ್ಲಿರುವ ದ್ರವಕ್ಕೆ ಮೊದಲೇ ಇದ್ದ ಹೆಸರು. ರಕ್ತದ ಪ್ಲಾಸ್ಮಾ ಕೆಂಪು ಬಿಳಿ ಕಣಗಳನ್ನು ಹೊತ್ತು ಹರಿಯುವಂತೆ ಈ ಹೊಳೆಯುವ ಅನಿಲವು ವಿದ್ಯುತ್ಕಣಗಳನ್ನು ಹೊತ್ತಿರುವುದೆಂಬ ಹೋಲಿಕೆಯು ಲ್ಯಾಂಗ್ಮ್ಯೂರನ ಮನಸ್ಸಿನಲ್ಲಿದ್ದಿತೆಂದು ಆತನ ಜೊತೆಯಲ್ಲಿ ದುಡಿದ ಮಾಟ್-ಸ್ಮಿತ್ತನು ಮುಂದೆ ೧೯೭೧ರಲ್ಲಿ ನೆನಪಿಸಿಕೊಂಡನು.

ಪ್ಲಾಸ್ಮಾ ಎಂದರೆ, ಪರಮಾಣುಗಳಿಂದ ಕೆಲವು ಎಲೆಕ್ಟ್ರಾನುಗಳು ಕಿತ್ತುಬಂದು ಸ್ವತಂತ್ರವಾಗಿ ಓಡಾಡುತ್ತಿರುವ ಅನಿಲ. ಸೂರ್ಯನೂ ನಕ್ಷತ್ರಗಳೂ ಪ್ಲಾಸ್ಮಾ. ಆಕಾಶದ ಮಿಂಚೂ ಪ್ಲಾಸ್ಮಾ. ಇವೆಲ್ಲವೂ ಅತ್ಯುಷ್ಣವಾದುವು. ಹಾಗಾದರೆ ಪ್ಲಾಸ್ಮಾ ತಣ್ಣಗಿರುವುದೆಂತು? ಎಲೆಕ್ಟ್ರಾನು ಬಹು ಹಗುರವಾದುದು. ಪರಮಾಣುಗಳಲ್ಲೆಲ್ಲ ಹಗುರವಾದ ಜಲಜನಕದ ಪರಮಾಣು ಕೂಡ ಅದಕ್ಕಿಂತ ಸುಮಾರು ೧೮೩೭ ಪಾಲು ಭಾರ. ರುಬ್ಬುವ ಗುಂಡಿನ ಮೇಲೆ ಸಾಸಿವೆಕಾಳನ್ನು ಎಷ್ಟು ರಭಸದಿಂದ ಎಸೆದರೂ ಕಾಳು ಪುಟಿದುಬರುವುದೇ ಹೊರತು ಗುಂಡು ಕದಲುವುದಿಲ್ಲ. ಅಂತೆಯೇ ಎಲೆಕ್ಟ್ರಾನುಗಳ ತಾಪವು ಹತ್ತಾರು ಸಾವಿರ ಡಿಗ್ರಿಗಳಷ್ಟಿದ್ದರೂ ಸುತ್ತಲಿನ ಅನಿಲವು ಬೆಚ್ಚಗಾಗದೆಯೇ ಇರಬಹುದು. ನಿಯಾನ್ ದೀಪದ ಕೊಳವೆಯನ್ನು ಕೈಯಿಂದ ಮುಟ್ಟಬಹುದಾದುದು ಇದರಿಂದಲೇ.

ಗಾಳಿಯನ್ನು ತೆಗೆದ ಕೊಳವೆಯೊಳಗೆ ಇದು ಸುಲಭ. ಬಯಲಿನ ಗಾಳಿಯಲ್ಲಿ ಅಣುಗಳು ಒತ್ತಾಗಿರುವುದರಿಂದ ತಾಕಲಾಟವು ಹೆಚ್ಚಿ, ಕಿಡಿಯು ಕ್ಷಣಮಾತ್ರದಲ್ಲಿ ಸುಡುವ ಬೆಂಕಿಯಾಗುತ್ತದೆ. ಅದನ್ನು ತಡೆಯುವ ಉಪಾಯಗಳಲ್ಲಿ ಒಂದು ೧೮೫೭ರಷ್ಟು ಹಳೆಯದು. ಆ ವರ್ಷ ವೆರ್ನರ್ ಸೀಮೆನ್ಸನು ಎರಡು ಲೋಹಗಳ ನಡುವೆ ಗಾಜಿನ ಗೋಡೆಯನ್ನಿಟ್ಟು, ಕಿಡಿಯು ಬೆಂಕಿಯಾಗುವ ಮುನ್ನವೇ ಆರಿಹೋಗುವಂತೆ ಮಾಡಿ, ಗಾಳಿಯಿಂದ ಓಜೋನನ್ನು ಪಡೆದನು. ಪ್ರವಾಹವನ್ನು ಅತ್ಯಲ್ಪ ಕಾಲದ ಮಿಡಿತಗಳಾಗಿ ಕೊಡುವುದು ಮತ್ತೊಂದು ಉಪಾಯ. ಹೀಲಿಯಂ ಅಥವಾ ಆರ್ಗಾನ್ ಅನಿಲವನ್ನು ಕಿಡಿಯ ಮೂಲಕ ಊದುವುದು ಇನ್ನೊಂದು. ಕೀಟಿಂಗ್-ಹಾರ್ಟನು ತನ್ನ ಕೊಳವೆಯಲ್ಲಿ ಅನಿಲವನ್ನು ಊದಿದಾಗ ಈ ದಾರಿಯ ಬಾಗಿಲಲ್ಲೇ ನಿಂತಿದ್ದನು. ಒಳಗಿರುವುದೇನೆಂಬುದನ್ನು ತಿಳಿಸುವ ಶಾಸ್ತ್ರವು ಆಗ ಇನ್ನೂ ಹುಟ್ಟಿರಲಿಲ್ಲ.

೪

೧೯೯೬ರಲ್ಲಿ ಅಮೆರಿಕದಲ್ಲಿ ಮುನೀರ್ ಲಾರೂಸಿ ಅವರು ಸಾಧಾರಣ ಒತ್ತಡದ ಪ್ಲಾಸ್ಮಾದಿಂದ ಸೂಕ್ಷ್ಮಜೀವಿಗಳನ್ನು ಕೊಲ್ಲಬಹುದೆಂದು ತೋರಿಸಿದರು. ೨೦೦೨ರಲ್ಲಿ ಹಾಲೆಂಡಿನ ಐಂಡ್‌ಹೋವೆನ್ನಿನಲ್ಲಿ ಇವಾ ಸ್ಟೊಫೆಲ್ಸ್ ಎಂಬ ವಿಜ್ಞಾನಿಯು ತಮ್ಮ ಸಂಗಡಿಗರೊಡನೆ ‘ಪ್ಲಾಸ್ಮಾ ಸೂಜಿ’ಯೆಂಬ ಸಾಧನವನ್ನು ಬೆಳಕಿಗೆ ತಂದರು. ತೆಳ್ಳನೆಯ ತಂತಿಯ ತುದಿಯಲ್ಲಿ ಕೆಲವೇ ಮಿಲಿಮೀಟರು ಗಾತ್ರದ ಹೊಳಪು. ಬೆರಳಿನಿಂದ ಮುಟ್ಟಿದರೂ ಸುಡದು. ಅದನ್ನು ಜೀವಕೋಶಗಳ ಮೇಲೆ ಹಾಯಿಸಿದಾಗ ಅವು ಸಾಯದೆಯೇ ಒಂದರಿಂದೊಂದು ಬಿಡಿಸಿಕೊಂಡುವು. ಕಾವಿನ ಹೊರತಾಗಿ ಕಿಡಿಗೆ ಬೇರೊಂದು ಶಕ್ತಿಯುಂಟೆಂಬುದಕ್ಕೆ ಇದು ಸ್ಪಷ್ಟವಾದ ಸಾಕ್ಷಿಯಾಯಿತು.

೨೦೦೭ರಲ್ಲಿ ಫಿಲಡೆಲ್ಫಿಯದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಫ್ರಿಡ್‌ಮನ್ ಮೊದಲಾದವರು, ಮೆಲನೋಮವೆಂಬ ಚರ್ಮದ ಅರ್ಬುದದ ಕಣಗಳ ಮೇಲೆ ಇಂತಹ ಪ್ಲಾಸ್ಮಾವನ್ನು ಹಾಯಿಸಿದಾಗ ಅವು ಬೆಂದು ಸಾಯದೆ, ತಮ್ಮೊಳಗಿನ ಮರಣಕ್ರಮವನ್ನು ತಾವೇ ಆರಂಭಿಸಿ ಅಳಿಯುವುದನ್ನು ವರದಿಮಾಡಿದರು. ೨೦೧೦ರಲ್ಲಿ ಫ್ರಾನ್ಸಿನ ಓರ್ಲಿಯಾನ್ಸ್ ನಗರದ ಸಂಶೋಧಕರು ಇಲಿಗಳಲ್ಲಿ ಬೆಳೆಸಿದ ಮಿದುಳಿನ ಅರ್ಬುದದ ಗೆಡ್ಡೆಗಳು ಈ ಚಿಕಿತ್ಸೆಯಿಂದ ಕುಗ್ಗಿದುದನ್ನು ಕಂಡರು. ೨೦೧೧ರಲ್ಲಿ ಅಮೆರಿಕದ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮೈಕೆಲ್ ಕೈಡರ್ ಅವರ ತಂಡವು, ಒಂದೇ ಪ್ರಮಾಣದ ಪ್ಲಾಸ್ಮಾ ಅರ್ಬುದದ ಕಣಗಳನ್ನು ಹೆಚ್ಚಾಗಿಯೂ ಆರೋಗ್ಯದ ಕಣಗಳನ್ನು ಕಡಮೆಯಾಗಿಯೂ ಬಾಧಿಸುವುದೆಂದು ಪ್ರಕಟಿಸಿತು. ಅದೇ ವರ್ಷ ಜಪಾನಿನ ನಗೋಯದಲ್ಲಿ, ಪ್ಲಾಸ್ಮಾ ತಾಕಿಸಿದ ಪೋಷಕದ್ರವವನ್ನು ಮಾತ್ರ ಎರೆದರೂ ಮಿದುಳಿನ ಅರ್ಬುದದ ಕಣಗಳು ಸಾಯುವುವೆಂದು ಗೊತ್ತಾಯಿತು.

ಈ ಕಡೆಯ ಪ್ರಯೋಗವು ಒಗಟನ್ನು ಬಹುಮಟ್ಟಿಗೆ ಬಿಡಿಸುತ್ತದೆ. ಕಿಡಿಯೇ ತಾಕದ ಕಣಗಳೂ ಸಾಯುವುವಾದರೆ, ಕಿಡಿಯು ದ್ರವದಲ್ಲಿ ಬಿಟ್ಟುಹೋದ ಪದಾರ್ಥವೇ ಕಾರಣವಾಗಿರಬೇಕು. ತಣ್ಣನೆಯ ಪ್ಲಾಸ್ಮಾ ಗಾಳಿಯ ಆಮ್ಲಜನಕ ಸಾರಜನಕಗಳನ್ನು ಒಡೆದು ಓಜೋನ್, ನೈಟ್ರಿಕ್ ಆಕ್ಸೈಡ್ ಮುಂತಾದುವನ್ನು ಹುಟ್ಟಿಸುತ್ತದೆ. ನೀರಿನಲ್ಲಿ ಇವುಗಳಿಂದ ಹೈಡ್ರೊಜನ್ ಪೆರಾಕ್ಸೈಡ್ ಮೊದಲಾದ ತೀಕ್ಷ್ಣವಾದ ಪದಾರ್ಥಗಳು ಉಂಟಾಗುತ್ತವೆ. ಇಂತಹವು ಪ್ರತಿಯೊಂದು ಜೀವಕೋಶದೊಳಗೂ ಸ್ವಲ್ಪಸ್ವಲ್ಪ ಇದ್ದೇ ಇರುತ್ತವೆ. ಅವನ್ನು ಅಡಗಿಸುವ ಏರ್ಪಾಡೂ ಇರುತ್ತದೆ. ಭರದಿಂದ ಬೆಳೆಯುವ ಅರ್ಬುದದ ಕಣದಲ್ಲಿ ಈ ಹೊರೆಯು ಮೊದಲೇ ಹೆಚ್ಚಾಗಿರುವುದು ವಾಡಿಕೆ. ಅಂಚಿನವರೆಗೆ ತುಂಬಿದ ಬಿಂದಿಗೆಗೆ ಒಂದು ಬೊಗಸೆ ನೀರು ಸುರಿದರೂ ಚೆಲ್ಲುವುದು; ಅರೆ ತುಂಬಿದ ಬಿಂದಿಗೆಯು ಅಷ್ಟನ್ನು ತಾಳಿಕೊಳ್ಳುವುದು. ಹೀಗೆ, ವಿವೇಕವಿರುವುದು ಬೆಂಕಿಯಲ್ಲಲ್ಲ. ರೋಗದ ಕಣಕ್ಕೂ ಆರೋಗ್ಯದ ಕಣಕ್ಕೂ ಇರುವ ತಾಳ್ಮೆಯ ಅಂತರದಲ್ಲಿ.

ಆದರೆ ಈ ಅಂತರವು ಎಲ್ಲ ಬಗೆಯ ಕಣಗಳಲ್ಲಿಯೂ ಒಂದೇ ಸಮನಾಗಿಲ್ಲ. ಗಾಜಿನ ತಟ್ಟೆಯಲ್ಲಿ ಕಣಗಳು ಯಾವ ದ್ರವದಲ್ಲಿವೆಯೆಂಬುದರ ಮೇಲೆಯೂ ಫಲವು ಬದಲಾಗುತ್ತದೆ. ಅದೂ ಅಲ್ಲದೆ ಹಳೆಯ ಮಿಂಚಿನ ಚಿಕಿತ್ಸೆಯ ಕೊರತೆಯು ಇದಕ್ಕೂ ತಪ್ಪಿಲ್ಲ: ಪ್ಲಾಸ್ಮಾದ ನೇರವಾದ ಪ್ರಭಾವವು ಮೇಲ್ಪದರವನ್ನು ಬಿಟ್ಟು ಬಹು ಆಳಕ್ಕೆ ಇಳಿಯದು.

೫

ರೋಗಿಗಳ ಮೇಲಿನ ಪ್ರಯೋಗವು ಗಾಯಗಳಿಂದ ಮೊದಲಾಯಿತು. ೨೦೧೦ರಲ್ಲಿ ಜರ್ಮನಿಯ ಮ್ಯೂನಿಕ್ಕಿನ ವೈದ್ಯರು, ಬಹುಕಾಲದಿಂದ ಮಾಯದ ಹುಣ್ಣುಗಳುಳ್ಳ ೩೬ ಮಂದಿಗೆ ಆರ್ಗಾನ್ ಪ್ಲಾಸ್ಮಾ ಹಿಡಿದು, ಹುಣ್ಣುಗಳಲ್ಲಿನ ಸೂಕ್ಷ್ಮಜೀವಿಗಳು ಕಡಮೆಯಾದುದನ್ನು ತೋರಿಸಿದರು. ೨೦೧೩ರಲ್ಲಿ ಗ್ರೈಫ್ಸ್‌ವಾಲ್ಡ್ ನಗರದಲ್ಲಿ ರೂಪುಗೊಂಡ ಲೇಖನಿಯಾಕಾರದ ಪ್ಲಾಸ್ಮಾ ಸಾಧನವು ವೈದ್ಯಕೀಯ ಉಪಕರಣವೆಂದು ಮಾನ್ಯತೆ ಪಡೆಯಿತು. ಅದೇ ಊರಿನಲ್ಲಿ ಹಾನ್ಸ್-ರಾಬರ್ಟ್ ಮೆಟೆಲ್‌ಮನ್ ಅವರೂ ಅವರ ಸಂಗಡಿಗರೂ, ಬೇರೆ ಚಿಕಿತ್ಸೆಗಳೆಲ್ಲ ಮುಗಿದುಹೋಗಿದ್ದ ಬಾಯಿ ಗಂಟಲುಗಳ ಅರ್ಬುದದ ೧೨ ಮಂದಿ ರೋಗಿಗಳ ಕೊಳೆತ ಹುಣ್ಣುಗಳಿಗೆ ಇದನ್ನು ಬಳಸಿ ೨೦೧೫ರಲ್ಲಿ ಫಲವನ್ನು ತಿಳಿಸಿದರು. ಹುಣ್ಣಿನ ದುರ್ವಾಸನೆಯು ತಗ್ಗಿತು; ನೋವಿನ ಮದ್ದಿನ ಅವಶ್ಯಕತೆಯು ಕೆಲವರಲ್ಲಿ ಕಡಮೆಯಾಯಿತು; ಕೆಲವರ ಗೆಡ್ಡೆಯು ಸ್ವಲ್ಪಕಾಲ ಕುಗ್ಗಿತು. ಮುಖದ ಮೇಲಿನ ಹುಣ್ಣಿನ ವಾಸನೆಗೆ ನಾಚಿ ಮಕ್ಕಳು ಮೊಮ್ಮಕ್ಕಳನ್ನೂ ಬಳಿಗೆ ಕರೆಯಲಾರದೆ ಇರುವ ರೋಗಿಗೆ ಅದು ತಗ್ಗುವುದೂ ಒಂದು ಭಾಗ್ಯವೇ. ಆದರೆ ಇದನ್ನು ಅರ್ಬುದವನ್ನು ಗೆದ್ದುದೆಂದು ಕರೆಯಲಾಗದು. ಚೆರ್ನಿಯ ಕಾಲದಲ್ಲಿ ಕಂಡ ಗುಣಗಳೂ ಬಹುಮಟ್ಟಿಗೆ ಇವೇ ಆಗಿದ್ದುವೆಂಬುದನ್ನು ವಾಚಕರು ನೆನೆಯಬಹುದು.

ಎರಡು ಪ್ರಯತ್ನಗಳ ಸಾಮ್ಯವು ಮತ್ತೂ ನಿಚ್ಚಳವಾಗಿ ಕಾಣುವುದು ಅಮೆರಿಕದ ಪರೀಕ್ಷೆಯಲ್ಲಿ. ಜೆರೋಮ್ ಕೆನಡಿ ಎಂಬ ಶಸ್ತ್ರವೈದ್ಯರು ರೂಪಿಸಿದ ಸಾಧನವನ್ನು ಮನುಷ್ಯರಲ್ಲಿ ಪರೀಕ್ಷಿಸಲು ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು ೨೦೧೯ರಲ್ಲಿ ಅನುಮತಿಯನ್ನು ಕೊಟ್ಟಿತು. ೨೦೨೦ ಮತ್ತು ೨೦೨೧ರಲ್ಲಿ ಷಿಕಾಗೋ ನಗರದ ರಷ್ ಆಸ್ಪತ್ರೆಯಲ್ಲಿಯೂ ಇಸ್ರೇಲಿನ ಷೆಬಾ ಆಸ್ಪತ್ರೆಯಲ್ಲಿಯೂ, ರೋಗವು ಬಹು ಮುಂದುವರಿದಿದ್ದ ಅಥವಾ ಮರುಕಳಿಸಿದ್ದ ೨೦ ಮಂದಿಗೆ ಮೊದಲು ಗೆಡ್ಡೆಯನ್ನು ಕೊಯ್ದು ತೆಗೆದು, ಆ ಬಳಿಕ ತೆರೆದ ಗಾಯದ ಅಂಚುಗಳ ಮೇಲೆ ತಣ್ಣನೆಯ ಪ್ಲಾಸ್ಮಾವನ್ನು ಹಾಯಿಸಿದರು. ಮಾರ್ಸೇಲ್ಸಿನ ವೈದ್ಯನು ನೂರಹದಿಮೂರು ವರ್ಷಗಳ ಹಿಂದೆ ಕಿಡಿಯನ್ನು ಹಿಡಿದುದೂ ಅದೇ ಜಾಗದಲ್ಲಿಯೇ. ಈ ಬಾರಿ ಅಂಚುಗಳು ಬೇಯಲಿಲ್ಲ. ಸಾಧನದಿಂದ ಗಂಭೀರವಾದ ಅಪಾಯವೂ ಕಾಣಲಿಲ್ಲವೆಂದು ೨೦೨೩ರಲ್ಲಿ ಪ್ರಕಟವಾದ ವರದಿಯು ತಿಳಿಸಿತು. ಆದರೆ ಆ ಪರೀಕ್ಷೆಯ ಮುಖ್ಯೋದ್ದೇಶವು ಚಿಕಿತ್ಸೆಯು ನಿರಪಾಯವೇ ಎಂಬುದನ್ನು ಅರಿಯುವುದಾಗಿದ್ದಿತು. ಶಸ್ತ್ರವನ್ನು ಮಾತ್ರ ಪಡೆದ ಬೇರೊಂದು ಗುಂಪನ್ನು ಅದರಲ್ಲಿ ಹೋಲಿಕೆಗೆ ಇಟ್ಟುಕೊಂಡಿರಲಿಲ್ಲ. ಗುಣವಾದುದು ಶಸ್ತ್ರದಿಂದಲೋ ಕಿಡಿಯಿಂದಲೋ ಎಂಬ ಹಳೆಯ ಪ್ರಶ್ನೆಯು ಹಾಗೆಯೇ ಕಾದುಕುಳಿತಿದೆ.

ಇಂದಿನ ವೈದ್ಯರ ಕೈಯಲ್ಲಿ ಕೀಟಿಂಗ್-ಹಾರ್ಟನಿಗೆ ಇಲ್ಲದಿದ್ದ ಎರಡು ಬಲಗಳಿವೆ. ಕಿಡಿಯೊಳಗೆ ಏನಿದೆಯೆಂಬುದನ್ನು ಅವರು ಬಲ್ಲರು. ಹೋಲಿಸಿ ಎಣಿಸುವ ವಿಧಾನವನ್ನೂ ಬಲ್ಲರು. ಮೊದಲನೆಯದರಿಂದ ಬೆಂಕಿಯು ತಣ್ಣಗಾಗಿದೆ. ಎರಡನೆಯದನ್ನು ಪೂರ್ಣವಾಗಿ ಬಳಸುವ ಕಾಲವು ಈಗ ಬಂದಿದೆ. ದೊಡ್ಡ ಸಂಖ್ಯೆಯ ರೋಗಿಗಳನ್ನು ಎರಡು ಪಾಲಾಗಿ ಹಂಚಿ, ಐದಾರು ವರ್ಷಗಳು ಕಾದು, ಯಾವ ಪಾಲಿನಲ್ಲಿ ರೋಗವು ಮರುಕಳಿಸಲಿಲ್ಲವೆಂಬುದನ್ನು ನೋಡಬೇಕು. ಅಲ್ಲಿಯವರೆಗೆ ಇದನ್ನು ಸಿದ್ಧೌಷಧವೆಂದು ಕರೆಯುವುದು ರೋಗಿಗೆ ಮಾಡುವ ಅನ್ಯಾಯ. ಗೊಡ್ಡೆಂದು ತಳ್ಳುವುದೂ ಅನ್ಯಾಯವೇ. ೧೯೦೭ರ ಪ್ರಶ್ನೆಗೆ ಉತ್ತರವನ್ನು ಹುಡುಕದೆಯೇ ಅದನ್ನು ಮರೆತರು. ಅದೇ ಪ್ರಶ್ನೆಯನ್ನು ಮತ್ತೆ ಕೇಳಿರುವ ಈ ಕಾಲದವರು ಉತ್ತರವು ದೊರೆಯುವ ತನಕ ಎಣಿಕೆಯನ್ನು ನಿಲ್ಲಿಸಬಾರದು.